ಹನ್ನೊಂದು ಲಕ್ಷದ ತೋಳು, ನಲವತ್ತು ಸಾವಿರದ ಹೆಬ್ಬೆಟ್ಟು

ಹಾಸ್ಟೆಲಿನ ಗೆಳೆಯರೆ,

ಈ ಸಂಚಿಕೆಗೆ ಒಂದು ಪದ್ಯ ಕೊಡು ಅಂದಿದ್ದರು. ಕೂತೆ. ಬರಲಿಲ್ಲ. ನನ್ನ ಚಿಕ್ಕಪ್ಪನ ಬಲತೋಳಿನ ಮೇಲೆ ಪದ್ಯ ಬರೆದು ಚಪ್ಪಾಳೆ ಗಿಟ್ಟಿಸಿಕೊಳ್ಳುವ ಮುಖ ನನಗಿಲ್ಲ. ಯಾಕಿಲ್ಲ ಅಂತ ಹೇಳಿಬಿಡುತ್ತೇನೆ. ಪದ್ಯದ ಬದಲು ಒಂದು ಲೆಕ್ಕ ಕೊಡುತ್ತೇನೆ. ಓದಿ. ಓದಿ ಸುಮ್ಮನಿರಬೇಡಿ.

2021ನೇ ಇಸವಿ. ನಾನು ಬಿ.ಎ. ಎರಡನೇ ವರ್ಷ. ಚಿಕ್ಕಪ್ಪನಿಗೆ ನಲವತ್ತು ವರ್ಷ, ಜಲ್ಲಿ ಕ್ರಷರಿನಲ್ಲಿ ಕೆಲಸ. ತಿಂಗಳಿಗೆ ಹತ್ತು ಸಾವಿರ, ಮೇಸ್ತ್ರಿ ಕೈಯಿಂದ ಕೈಗೆ. ಪುಸ್ತಕದಲ್ಲಿ ಆರು ಜನರ ಹೆಸರು, ಧೂಳಿನೊಳಗೆ ಇಪ್ಪತ್ತು ಜನ. ಬೆಲ್ಟಿಗೆ ಕಾಪು ಇರಲಿಲ್ಲ. ಸಿಕ್ಕಿಕೊಂಡ ಕಲ್ಲು ಬಿಡಿಸಲು ಕೈ ಹಾಕಿದ. ಬೆಲ್ಟು ಎಳೆದುಕೊಂಡಿತು. ಆಸ್ಪತ್ರೆಯಲ್ಲಿ ಮೊಳಕೈ ಮೇಲಕ್ಕೆ ಕಡಿದು ಹೊಲಿಗೆ ಹಾಕಿ ಕಳಿಸಿದರು.

ಹದಿನೈದು ದಿನಕ್ಕೆ ಪಂಚಾಯ್ತಿ ಸೇರಿತು. ಓನರ್ರು ಬಂದರು, ಮೇಸ್ತ್ರಿ ಬಂದ, ಊರಿನ ನಾಲ್ಕು ಜನ ದೊಡ್ಡವರು, ನಮ್ಮ ಕೇರಿಯ ಇಬ್ಬರು ಯಜಮಾನರು. ಒಂದು ಬಾಂಡ್ ಪೇಪರ್ ತಂದಿದ್ದರು. ಚಿಕ್ಕಪ್ಪ ನನ್ನ ಕಡೆ ತಿರುಗಿದ.

"ನೀನು ಓದಿದೋನು, ಓದಪ್ಪ ಮಗ. ಏನೈತೆ ಅದ್ರಾಗೆ?"

ಓದಿದೆ. ನಲವತ್ತು ಸಾವಿರ ರೂಪಾಯಿ ಕೊಟ್ಟಿದೆ, ಇನ್ನು ಮುಂದೆ ಯಾವುದೇ ಪರಿಹಾರ ಕೇಳತಕ್ಕದ್ದಲ್ಲ, ಕೋರ್ಟು ಕಛೇರಿಗೆ ಹೋಗತಕ್ಕದ್ದಲ್ಲ, ತನ್ನ ಅಜಾಗರೂಕತೆಯಿಂದಲೇ ಆದದ್ದು ಎಂದು ಖುದ್ದು ರಾಜಿಯಿಂದ ಬರೆದುಕೊಟ್ಟ ಕರಾರು. ಓದಿ ಮುಗಿಸಿ ನಾನೇ ಹೇಳಿದೆ: "ಒತ್ತು ಚಿಕ್ಕಪ್ಪ. ಇಷ್ಟಾದ್ರೂ ಸಿಕ್ತಲ್ಲ." ಬಲಗೈ ಇರಲಿಲ್ಲ. ಉಳಿದಿದ್ದ ಎಡಗೈ ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ ಒತ್ತಿದ. ಸಾಕ್ಷಿ ಜಾಗದಲ್ಲಿ ನನ್ನ ರುಜು ಇದೆ. ಕನ್ನಡದಲ್ಲಿ, ಮುದ್ದಾದ ಅಕ್ಷರದಲ್ಲಿ.

ಗೆಳೆಯರೆ, ನಮ್ಮ ಜನಕ್ಕೆ ಮೋಸ ಮಾಡಲು ಓದು ಬಾರದವರು ಬೇಕಿಲ್ಲ. ಅರ್ಧ ಓದಿದ ನನ್ನಂಥವನು ಒಬ್ಬ ಸಾಕು.

ಈಗ ಲೆಕ್ಕ ಕೇಳಿ. ಆವತ್ತು ಜಾರಿಯಲ್ಲಿದ್ದದ್ದು 1923ರ ಕಾಯಿದೆ. ಮೊದಲು ಕಾರ್ಮಿಕರ ಪರಿಹಾರ ಕಾಯಿದೆ ಅಂತಿತ್ತು, 2009ರ ತಿದ್ದುಪಡಿಯಲ್ಲಿ ನೌಕರರ ಪರಿಹಾರ ಕಾಯಿದೆ ಅಂತ ಹೆಸರು ಬದಲಾಯಿತು. ಕೆಲಸದ ಮೇಲೆ ಇದ್ದಾಗ, ಕೆಲಸದ ಕಾರಣಕ್ಕೇ ಆದ ಅಪಘಾತಕ್ಕೆ ಮಾಲೀಕ ಪರಿಹಾರ ಕೊಡಬೇಕು. ಅದು ಧರ್ಮವಲ್ಲ, ದಾನವಲ್ಲ, ಸಾಲ. ಶಾಶ್ವತ ಪೂರ್ಣ ಅಂಗವಿಕಲತೆ ಆದರೆ ತಿಂಗಳ ಕೂಲಿಯ ಶೇಕಡಾ 60 ಭಾಗ ತಗೋ. ಅದನ್ನು ವಯಸ್ಸಿಗೆ ತಕ್ಕಂತೆ ಪಟ್ಟಿಯಲ್ಲಿರುವ ಒಂದು ಅಂಕಿಯಿಂದ ಗುಣಿಸು. ಇಪ್ಪತ್ತೈದು ವರ್ಷದವನಿಗೆ 216.91, ಮೂವತ್ತಕ್ಕೆ 207.98, ನಲವತ್ತಕ್ಕೆ 184.17, ಐವತ್ತಕ್ಕೆ 153.09. ಕೂಲಿ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವ ಮಿತಿ 2010ರಿಂದ 8,000 ರೂಪಾಯಿ ಇತ್ತು, 2020ರ ಜನವರಿ 3ರಿಂದ 15,000 ಆಯಿತು.

ಚಿಕ್ಕಪ್ಪನ ಕೂಲಿ 10,000. ಅದರ ಶೇಕಡಾ 60 ಅಂದರೆ 6,000. ಗುಣಿಸು 184.17. ಬಂದದ್ದು 11,05,020 ರೂಪಾಯಿ.

ಹನ್ನೊಂದು ಲಕ್ಷದ ಐದು ಸಾವಿರದ ಇಪ್ಪತ್ತು. ಇದರ ಮೇಲೆ ಆಸ್ಪತ್ರೆಗೆ ನಿಜವಾಗಿ ಆದ ಖರ್ಚು ಬೇರೆ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 12 ಬಡ್ಡಿ, ಸರಿಯಾದ ಕಾರಣವಿಲ್ಲದೆ ತಡಮಾಡಿದರೆ ಅರ್ಧದಷ್ಟರವರೆಗೆ ದಂಡ. ಪೂರ್ಣ ಅಂಗವಿಕಲತೆಗೆ 1,40,000ಕ್ಕಿಂತ ಕಡಿಮೆ ಯಾವ ಲೆಕ್ಕದಲ್ಲೂ ಬರುವಂತಿಲ್ಲ ಅಂತ ಆ ಕಾಯಿದೆಯಲ್ಲೇ ಇತ್ತು. ನಾವು ಹೆಬ್ಬೆಟ್ಟು ಒತ್ತಿಸಿದ್ದು ನಲವತ್ತು ಸಾವಿರಕ್ಕೆ!

ಆ ಬಾಂಡ್ ಪೇಪರಿಗೆ ಬೆಲೆ ಎಷ್ಟು ಗೊತ್ತಾ? ಸೊನ್ನೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ, ಇಲ್ಲವೇ ಕಡಿಮೆ ಮಾಡುವ ಯಾವ ಕರಾರೂ ಊರ್ಜಿತವಲ್ಲ ಎಂದು ಕಾಯಿದೆಯ 17ನೇ ಕಲಮು ಹೇಳುತ್ತಿತ್ತು. ರಾಜಿ ಮಾಡಿಕೊಳ್ಳುವುದೇ ಆದರೆ ಅದನ್ನು ಕಮಿಷನರ್ ಮುಂದೆ ನೋಂದಾಯಿಸಬೇಕಿತ್ತು, ಮೊತ್ತ ಸಾಲದು ಅಂತ ಕಂಡರೆ ಅವರು ಒಲ್ಲೆ ಅನ್ನಬಹುದಿತ್ತು. ಬಿ.ಎ.ಯಲ್ಲಿ ಮೂರು ವರ್ಷ ಛಂದಸ್ಸು ಓದಿದೆ. ಗಣ ವಿಂಗಡಿಸಿ ಪ್ರಸ್ತಾರ ಹಾಕಿ ನೂರಕ್ಕೆ ಎಪ್ಪತ್ತು ತಗೊಂಡೆ. ಈ ಒಂದು ಕಲಮನ್ನು ನನಗೆ ಯಾವ ಮೇಷ್ಟ್ರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇನ್ನು ಮಾಲೀಕರ ಮಾತಿಗೆ ಬರೋಣ. ಇವರ ಹತ್ತಿರ ಇರುವುದು ನಾಲ್ಕೇ ಮಾತು. ಕೋಲಾರವಾಗಲಿ, ಕೊಪ್ಪಳವಾಗಲಿ, ಅದೇ ನಾಲ್ಕು ಮಾತು.

ಮೊದಲನೇದು: "ಅವನು ನನ್ನ ಆಳಲ್ಲ, ಕಂಟ್ರಾಕ್ಟರ್ ಆಳು." ಸುಳ್ಳು ಆಟ. ತನ್ನ ಕಸುಬಿನ ಕೆಲಸವನ್ನು ಕಂಟ್ರಾಕ್ಟರಿಗೆ ವಹಿಸಿದರೂ ಪರಿಹಾರ ಕೊಡುವ ಹೊಣೆ ಮೂಲ ಮಾಲೀಕನದೇ ಅಂತ 12ನೇ ಕಲಮು. ಬೇಕಾದರೆ ಆಮೇಲೆ ಕಂಟ್ರಾಕ್ಟರಿಂದ ವಸೂಲಿ ಮಾಡಿಕೊಳ್ಳಲಿ, ಅದು ಅವರ ಮನೆ ಜಗಳ.

ಎರಡನೇದು: "ಅವನು ದಿನಗೂಲಿ, ಬಂದರೆ ಬಂದ, ಬಿಟ್ಟರೆ ಬಿಟ್ಟ." ಬಿಡಿಗೆಲಸದವರನ್ನು ಹೊರಗಿಡುವ ಮಾತು ಕಾಯಿದೆಯಲ್ಲಿ ಇದ್ದದ್ದು ನಿಜ. 2000ನೇ ಇಸವಿಯ ತಿದ್ದುಪಡಿಯಲ್ಲಿ ಅದನ್ನು ಕಿತ್ತುಹಾಕಿದರು. ಇವರು ಇನ್ನೂ ಅದನ್ನೇ ಹಾಡುತ್ತಾರೆ.

ಮೂರನೇದು ಇವರ ಅಚ್ಚುಮೆಚ್ಚಿನ ಮಾತು: "ಕುಡಿದಿದ್ದ ಕಣ್ರೀ." ನಮ್ಮವನು ಬಿದ್ದರೆ ಕುಡಿದು ಬಿದ್ದ, ಸತ್ತರೆ ಕುಡಿದು ಸತ್ತ. ಇದಕ್ಕೂ ಉತ್ತರವಿದೆ. 1995ರ ತಿದ್ದುಪಡಿಯ ನಂತರ ಸಾವಿಗಾಗಲಿ ಶಾಶ್ವತ ಪೂರ್ಣ ಅಂಗವಿಕಲತೆಗಾಗಲಿ ಕುಡಿತದ ನೆಪ ನಡೆಯುವುದಿಲ್ಲ. ಸುರಕ್ಷತೆಯ ಸಾಧನ ತೆಗೆದಿಟ್ಟ, ಹೇಳಿದ ಮಾತು ಕೇಳಲಿಲ್ಲ ಅನ್ನುವ ನೆಪವೂ ನಡೆಯುವುದಿಲ್ಲ.

ಇಲ್ಲೇ ನಾಲ್ಕನೇ ಮಾತು ಹುಟ್ಟುತ್ತದೆ. ಎಲ್ಲದಕ್ಕಿಂತ ನಯವಾದ ಮಾತು. "ಪೂರ್ತಿ ಎಲ್ಲಿ ಹೋಯ್ತು? ಒಂದು ಕೈ ಇದೆಯಲ್ಲ!"

ಈ ಒಂದು ವಾಕ್ಯದ ಮೇಲೆ ಎಷ್ಟು ನಿಂತಿದೆ ನೋಡಿ. ಪೂರ್ಣ ಅಂಗವಿಕಲತೆ ಅಂದರೆ ಕುಡಿತದ ನೆಪ ಬಿದ್ದುಹೋಯಿತು, ಲೆಕ್ಕ ನೂರಕ್ಕೆ ನೂರು. ಅದನ್ನೇ ಭಾಗಶಃ ಅಂದರೆ ನೆಪಗಳಿಗೆ ಬಾಗಿಲು ತೆರೆಯಿತು, ದುಡ್ಡೂ ಕತ್ತರಿಸಿತು. ಅದಕ್ಕೇ ಅವರ ವಕೀಲರು, ವಿಮಾ ಕಂಪನಿ ವಕೀಲರು, ಎಲ್ಲರೂ ಇದೊಂದು ಪದಕ್ಕೆ ನೇತುಬೀಳುತ್ತಾರೆ.

ಕಾಯಿದೆಗೆ ಒಂದು ಪಟ್ಟಿ ಲಗತ್ತಾಗಿದೆ. ಅದರ ಮೊದಲ ಭಾಗದಲ್ಲಿ ಇವು ಪೂರ್ಣ ಅಂಗವಿಕಲತೆ ಅಂತ ಕೊಟ್ಟಿದ್ದಾರೆ: ಎರಡೂ ಕೈ ಹೋದರೆ, ಒಂದು ಕೈ ಒಂದು ಪಾದ ಹೋದರೆ, ಎರಡೂ ಕಾಲು ಕಡಿದರೆ, ಕಣ್ಣಿಂದ ಮಾಡುವ ಯಾವ ಕೆಲಸಕ್ಕೂ ಆಗದಷ್ಟು ದೃಷ್ಟಿ ಹೋದರೆ, ಮುಖ ತೀರ ವಿಕಾರವಾದರೆ, ಕಿವಿ ಸಂಪೂರ್ಣ ಕೇಳದೆ ಹೋದರೆ. ಎರಡನೇ ಭಾಗದಲ್ಲಿ ಬಿಡಿ ಅಂಗಗಳ ದರಪಟ್ಟಿ. ಮಟನ್ ಅಂಗಡಿಯ ಹಲಗೆ ನೆನಪಾಗುತ್ತದೆ. ಭುಜದ ಕೀಲಿಗೇ ತೋಳು ಹೋದರೆ 90. ಭುಜದ ತುದಿಯಿಂದ ಉಳಿದ ಮೋಟು 20.32 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ 80. ಅದಕ್ಕಿಂತ ಉದ್ದ ಉಳಿದು, ಮೊಳಕೈ ತುದಿಯ ಕೆಳಗೆ 11.43 ಸೆಂಟಿಮೀಟರಿನೊಳಗೆ ಕಡಿದಿದ್ದರೆ 70. ನಾಲ್ಕು ಬೆರಳು ಹೋದರೆ 50. ಹೆಬ್ಬೆರಳು ಹೋದರೆ 30.

ಹೆಬ್ಬೆರಳಿಗೆ ಶೇಕಡಾ ಮೂವತ್ತು! ಏಕಲವ್ಯ ಇವತ್ತು ಅರ್ಜಿ ಹಾಕಿದ್ದರೆ ಗುಮಾಸ್ತ ಪಟ್ಟಿ ನೋಡಿ ಹೇಳುತ್ತಿದ್ದ: "ನಿನಗೆ ಎಪ್ಪತ್ತು ಪಾಲು ಉಳಿದಿದೆಯಲ್ಲಪ್ಪ, ಹೋಗು, ಬಿಲ್ಲು ಹೂಡು." ದ್ರೋಣ ಕೇಳಿದ್ದು ಮೂವತ್ತು ಪಾಲಲ್ಲ. ಅವನಿಗೆ ಗೊತ್ತಿತ್ತು ತಾನು ಕೇಳಿದ್ದು ನೂರಕ್ಕೆ ನೂರು ಅಂತ. ಕಸುಬು ಯಾವುದು ಅಂತ ನೋಡದೆ ಅಂಗದ ಬೆಲೆ ಹೇಳಲಾಗದು. ಇದೇ ನನ್ನ ವಾದ, ಇಷ್ಟೇ ನನ್ನ ವಾದ.

ಇದು ನನ್ನೊಬ್ಬನ ಸಿಟ್ಟಿನ ಮಾತಲ್ಲ, ಕಾನೂನಿನ ಮಾತೇ. ಪೂರ್ಣ ಅಂಗವಿಕಲತೆ ಅಂದರೆ ಏನು ಅಂತ ಕಾಯಿದೆ ಅರ್ಥ ಹೇಳುವಾಗ ಕೈ ಕಾಲು ಎಣಿಸುವುದಿಲ್ಲ. ಅಪಘಾತದ ಹೊತ್ತಿಗೆ ಆ ಮನುಷ್ಯ ಯಾವ ಯಾವ ಕೆಲಸ ಮಾಡಬಲ್ಲವನಾಗಿದ್ದನೋ ಆ ಎಲ್ಲ ಕೆಲಸಕ್ಕೂ ಆಗದವನಾದನೇ ಅಂತ ಕೇಳುತ್ತದೆ. 1968ರಲ್ಲಿ ಒಬ್ಬ ಬಡಗಿ ಸಿನಿಮಾ ಟಾಕೀಸಿನಲ್ಲಿ ಅಲಂಕಾರದ ಮರಗೆಲಸ ಮಾಡುತ್ತಿದ್ದಾಗ ಮೇಲಿಂದ ಬಿದ್ದ. ಎಡತೋಳು ಕಡಿಯಬೇಕಾಯಿತು. ಮಾಲೀಕ ಸುಪ್ರೀಂ ಕೋರ್ಟಿನವರೆಗೂ ಹೋದ: ಇದು ಪೂರ್ಣವಲ್ಲ, ಭಾಗಶಃ ಅಂತ. 1975ರ ಡಿಸೆಂಬರಿನಲ್ಲಿ ನಾಲ್ವರು ನ್ಯಾಯಮೂರ್ತಿಗಳ ಪೀಠ ಅವನ ಮೇಲ್ಮನವಿಯನ್ನು ತಳ್ಳಿಹಾಕಿತು. ಬಡಗಿ ಒಂದು ಕೈಯಲ್ಲಿ ಮರಗೆಲಸ ಮಾಡಲಾರ, ಹಾಗಾಗಿ ಅವನ ಪಾಲಿಗೆ ಇದು ಪೂರ್ಣ ಅಂಗವಿಕಲತೆಯೇ ಎಂದು ಕೆಳಗಿನ ತೀರ್ಮಾನವನ್ನು ಎತ್ತಿಹಿಡಿಯಿತು. ಪರಿಹಾರ ಕೊಡಬೇಕಾದ್ದು ಅಪಘಾತವಾದ ದಿನದಿಂದಲೇ, ಕಮಿಷನರ್ ಆದೇಶ ಬಂದ ದಿನದಿಂದಲ್ಲ ಎಂದೂ ಹೇಳಿತು. ಈ ತೀರ್ಪು ಬಂದು ಐವತ್ತು ವರ್ಷ ಆಯಿತು. ಐವತ್ತು ವರ್ಷದಿಂದ ನಮ್ಮ ಕೇರಿಗಳಲ್ಲಿ "ಒಂದು ಕೈ ಇದೆಯಲ್ಲ" ಅಂತ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಲೇ ಇದ್ದಾರೆ.

ಒಂದು ಕೈ ಹೋದವರಿಗೆಲ್ಲ ನೂರಕ್ಕೆ ನೂರು ತಾನಾಗಿಯೇ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಹಾಗಂತ ನಂಬಿಸಿದರೆ ನಾನೂ ಮೇಸ್ತ್ರಿಯೇ ಆದೆ. ಅವನು ಏನು ಮಾಡುತ್ತಿದ್ದ, ಈಗ ಏನು ಮಾಡಲಾರ ಅಂತ ಸಾಕ್ಷಿ ಸಮೇತ ತೋರಿಸಬೇಕು. ತೋರಿಸುವವರು ಇಲ್ಲದ ಕಡೆ ಪಟ್ಟಿಯ ಅಂಕಿಯೇ ಗೆಲ್ಲುತ್ತದೆ. ಎಪ್ಪತ್ತು ಅಂದರೆ ಚಿಕ್ಕಪ್ಪನ ಲೆಕ್ಕದಲ್ಲಿ 7,73,514. ಪೂರ್ತಿಗೂ ಇದಕ್ಕೂ ಮೂರೂಕಾಲು ಲಕ್ಷದ ಮೇಲೆ ವ್ಯತ್ಯಾಸ. ಒಂದು ಪದದ ಬೆಲೆ ಅಷ್ಟು.

ಈಗ ಕೇರಿಯ ಮಾತಿಗೆ ಬರುತ್ತೇನೆ, ಯಾಕಂದರೆ ಇದನ್ನು ಯಾವ ವಕೀಲನೂ ಬರೆಯುವುದಿಲ್ಲ.

"ಬೇರೆ ಏನಾದ್ರೂ ಹಗುರ ಕೆಲಸ ಮಾಡ್ಕೊಂಡು ಬದುಕಬಹುದಲ್ಲ" ಅನ್ನುತ್ತಾರೆ. ಯಾವ ಕೆಲಸ ಸ್ವಾಮಿ? ಒಂದು ಕೈ ಹೋದ ಜಮೀನ್ದಾರ ಜಮೀನ್ದಾರನೇ. ಜಗಲಿ ಮೇಲೆ ಕೂತು ಗುತ್ತಿಗೆ ಲೆಕ್ಕ ಬರೆಸುತ್ತಾನೆ. ಒಂದು ಕೈ ಹೋದ ಗುಮಾಸ್ತ ಇನ್ನೊಂದು ಕೈಯಲ್ಲಿ ಬರೆಯುವುದು ಕಲಿಯುತ್ತಾನೆ. ಒಂದು ಕೈ ಹೋದ ಅಂಗಡಿಯವನು ಗಲ್ಲಾಪೆಟ್ಟಿಗೆ ಮುಂದೆ ಕೂರುತ್ತಾನೆ. ನನ್ನ ಚಿಕ್ಕಪ್ಪ ಊರಿನಲ್ಲಿ ಟೀ ಅಂಗಡಿ ಇಡಲಿಕ್ಕಾಗುತ್ತದಾ? ಇಟ್ಟರೆ ಯಾರು ಬಂದು ಕುಡಿಯುತ್ತಾರೆ? ಹೋಟೆಲಿನಲ್ಲಿ ಬಡಿಸಲು ಕರೆಯುತ್ತಾರಾ? ಹಾಲಿನ ಡೈರಿಯಲ್ಲಿ ಅಳೆಯಲು ಕೂರಿಸುತ್ತಾರಾ? ದೇವಸ್ಥಾನದ ಮುಂದೆ ಹೂವು ಮಾರಲು ಬಿಡುತ್ತಾರಾ? ಹಗುರ ಕೆಲಸಗಳೆಲ್ಲ ಮುಟ್ಟುವ ಕೆಲಸಗಳು. ಮುಟ್ಟಬಾರದವನಿಗೆ ಊರು ಬಿಟ್ಟುಕೊಟ್ಟದ್ದು ಭಾರದ ಕೆಲಸ ಮಾತ್ರ: ಕಲ್ಲು ಒಡಿ, ಮಣ್ಣು ಹೊರು, ಗುಂಡಿಗಿಳಿ. ಅದಕ್ಕೆ ಎರಡು ಕೈ ಬೇಕು. ಪಟ್ಟಿ ಬರೆದವನು ಮೂವತ್ತು ಪಾಲು ಉಳಿಯಿತು ಅಂತ ಬರೆದ. ಆ ಮೂವತ್ತನ್ನು ಕ್ರಷರು ತಿನ್ನಲಿಲ್ಲ. ಜಾತಿ ತಿಂದಿತು.

ಇದನ್ನು ಕೋರ್ಟಿನಲ್ಲಿ ಹೇಳಬೇಕು. ಕೂಗಿ ಹೇಳಬೇಕು.

ಮ್ಯಾನ್‌ಹೋಲಿಗೆ ಇಳಿಸಿ ಕೊಂದ ಕೇಸುಗಳಲ್ಲಿ ಅಷ್ಟಿಷ್ಟು ಹೇಳಿಸಿದ್ದೂ ಆಗಿದೆ. 1993ರಿಂದ ಗುಂಡಿಯಲ್ಲಿ ಸತ್ತವರ ಮನೆಗೆ ಹತ್ತು ಲಕ್ಷ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಆದೇಶ ಮಾಡಿತು. 2023ರ ಅಕ್ಟೋಬರ್ 20ರಂದು ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಬದುಕುಳಿದು ಅಂಗವಿಕಲರಾದವರಿಗೆ ಹತ್ತು ಲಕ್ಷಕ್ಕೆ ಕಡಿಮೆಯಿಲ್ಲದಂತೆ, ಅಂಗವಿಕಲತೆ ಶಾಶ್ವತವಾಗಿ ಮನುಷ್ಯನನ್ನು ಆರ್ಥಿಕವಾಗಿ ಅಸಹಾಯಕನನ್ನಾಗಿ ಮಾಡಿದರೆ ಇಪ್ಪತ್ತು ಲಕ್ಷಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕೆಂದಿತು. ಗಮನಿಸಿ. ಇಲ್ಲಿ ಕೋರ್ಟು ಮೋಟಿನ ಉದ್ದ ಅಳೆಯಲಿಲ್ಲ. ದುಡಿದು ತಿನ್ನಬಲ್ಲನೇ ಅಂತ ಕೇಳಿತು. ಆ ಪ್ರಶ್ನೆಯನ್ನೇ ಕ್ರಷರಿಗೂ, ಇಟ್ಟಿಗೆ ಗೂಡಿಗೂ, ಸೆಂಟ್ರಿಂಗಿಗೂ ಕೇಳಿ ಅನ್ನುತ್ತೇವೆ ನಾವು.

ಕಾಯಿದೆ ಒಳ್ಳೇದು, ಮಾಲೀಕ ಕೆಟ್ಟವನು ಅಂತ ಮುಗಿಸುವಂತಿಲ್ಲ. ಕಾಯಿದೆಯ ಹೊಟ್ಟೆಯಲ್ಲೇ ಹುಳ ಇದೆ. ಸತ್ತರೆ ಶೇಕಡಾ 50, ಪೂರ್ಣ ಅಂಗವಿಕಲನಾಗಿ ಬದುಕಿದರೆ ಶೇಕಡಾ 60. ಅಂದರೆ ಬದುಕಿರುವ ಮನುಷ್ಯನಿಗೆ ಹೆಣಕ್ಕಿಂತ ಹತ್ತು ಪಾಲು ಹೆಚ್ಚು, ಅಷ್ಟೆ. ಬದುಕಿದವನಿಗೆ ಅನ್ನ ಬೇಕು, ಔಷಧಿ ಬೇಕು, ಪಂಚೆ ಉಡಿಸಲು ಒಬ್ಬರು ಬೇಕು. ನನ್ನ ಚಿಕ್ಕಮ್ಮ ಕೂಲಿಗೆ ಹೋಗುವುದನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿದಳು. ಅವಳ ಹೋದ ಕೂಲಿ ಯಾವ ಪಟ್ಟಿಯಲ್ಲಿದೆ? ರಸ್ತೆಯಲ್ಲಿ ಬಸ್ಸು ಹರಿದು ಕೈ ಹೋಗಿದ್ದರೆ ನೋವಿಗೆ ಇಷ್ಟು, ಆರೈಕೆಗೆ ಇಷ್ಟು ಅಂತ ಕೋರ್ಟುಗಳು ಲೆಕ್ಕ ಹಿಡಿಯುತ್ತವೆ. ಕ್ರಷರು ತಿಂದ ಕೈಗೆ ಅದ್ಯಾವುದೂ ಇಲ್ಲ. ಒಂದೇ ಗಂಟು, ಒಂದೇ ಸಲ. ಅದು ಕೈಗೆ ಬರುವಷ್ಟರಲ್ಲಿ ಸಾಲಗಾರರು ಬಾಗಿಲಲ್ಲಿ ಸಾಲುಗಟ್ಟಿರುತ್ತಾರೆ.

ಇದಕ್ಕಿಂತ ಚೆನ್ನಾದದ್ದು ಇಲ್ಲವೇ? ಇದೆ. ಇ.ಎಸ್.ಐ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡ ಕಾಲದಲ್ಲೇ, 1944ರಲ್ಲಿ, ಅಡಾರ್ಕರ್ ವರದಿ ಬಂತು. 1948ರಲ್ಲಿ ಕಾಯಿದೆ ಆಯಿತು. ಅದರಲ್ಲಿ ಪೂರ್ಣ ಅಂಗವಿಕಲನಾದವನಿಗೆ ಕೂಲಿಯ ಶೇಕಡಾ 90ರಷ್ಟು ಬದುಕಿರುವವರೆಗೂ ತಿಂಗಳು ತಿಂಗಳು ಬರುತ್ತದೆ. ಆದರೆ ಅದಕ್ಕೆ ಹತ್ತು ಜನ ಕೆಲಸಗಾರರಿರುವ ಕಾರ್ಖಾನೆ ಬೇಕು, ಹೆಸರು ನೋಂದಣಿಯಾಗಬೇಕು. ಪುಸ್ತಕದಲ್ಲಿ ಆರು, ಧೂಳಿನಲ್ಲಿ ಇಪ್ಪತ್ತು ಅಂದೆನಲ್ಲ, ಅದರ ಗುಟ್ಟು ಇದೇ. ಅಳಿಸಿದ ಹದಿನಾಲ್ಕು ಹೆಸರು ಯಾರವು ಅಂತ ನಾನು ಹೇಳಬೇಕಾ?

2025ರ ನವೆಂಬರ್ 21ರಿಂದ 1923ರ ಕಾಯಿದೆ, ಇ.ಎಸ್.ಐ. ಕಾಯಿದೆ ಎಲ್ಲ ಹೋಗಿ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಹೆಸರು ದೊಡ್ಡದು. ಶೇಕಡಾ 60, ಅಂಗಗಳ ದರಪಟ್ಟಿ, ವಯಸ್ಸಿನ ಅಂಕಿಗಳು ಹಾಗೇ ಬಂದು ಕೂತಿವೆ. ಹಳೇ ಕಾಯಿದೆ ಹೋಯಿತಲ್ಲ, ನಿನ್ನ ಹಳೇ ಕೇಸೂ ಹೋಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಗ ಹುಟ್ಟಿದ ಹಕ್ಕು ಈಗ ಸಾಯುವುದಿಲ್ಲ.

ನಮ್ಮವರನ್ನೂ ಬಿಡುವುದಿಲ್ಲ ನಾನು. ಆವತ್ತು ಪಂಚಾಯ್ತಿಯಲ್ಲಿ ಕೂತಿದ್ದ ನಮ್ಮ ಇಬ್ಬರು ಯಜಮಾನರು ಎರಡೆರಡು ಸಾವಿರ ತಗೊಂಡು ಎದ್ದರು. ಏಪ್ರಿಲ್ 14ಕ್ಕೆ ಇವರೇ ಮೆರವಣಿಗೆಯ ಮುಂದೆ ನಿಲ್ಲುತ್ತಾರೆ, ನೀಲಿ ಶಾಲು ಹೊದ್ದುಕೊಂಡು. ಆ ಎರಡು ಸಾವಿರಕ್ಕೂ ನನ್ನ ರುಜುವಿಗೂ ಏನು ವ್ಯತ್ಯಾಸ? ಅವರು ದುಡ್ಡಿಗೆ ಮಾಡಿದರು, ನಾನು ತಿಳಿಯದೆ ಮಾಡಿದೆ. ಚಿಕ್ಕಪ್ಪನಿಗೆ ಆದದ್ದು ಒಂದೇ.

ಹಾಸ್ಟೆಲಿನ ಹುಡುಗರೆ, ಹುಡುಗಿಯರೆ, ನಾಳೆ ನಿಮ್ಮ ಊರಿನಲ್ಲಿ ಯಾರಿಗಾದರೂ ಹೀಗಾದರೆ ಕಾಗದ ಓದಲು ಕರೆಯುವುದು ನಿಮ್ಮನ್ನೇ. ಅದಕ್ಕೇ ಇದನ್ನು ಹರಿದು ಪುಸ್ತಕದೊಳಗೆ ಇಟ್ಟುಕೊಳ್ಳಿ.

ಮೊದಲು ಆಸ್ಪತ್ರೆಯಲ್ಲಿ ಕೆಲಸದ ಜಾಗದಲ್ಲಿ ಆದ ಅಪಘಾತ ಅಂತಲೇ ಬರೆಸಿ. "ಮನೇಲಿ ಬಿದ್ದ" ಅಂತ ಮೇಸ್ತ್ರಿ ಬರೆಸಲು ನೋಡುತ್ತಾನೆ. ಮಾಲೀಕನಿಗೆ ಬರಹದಲ್ಲಿ ತಿಳಿಸಿ, ಒಂದು ನಕಲು ಇಟ್ಟುಕೊಳ್ಳಿ. ಜಾಗದ ಫೋಟೋ ತೆಗೆಯಿರಿ, ಕಾಪಿಲ್ಲದ ಬೆಲ್ಟು ನಾಳೆಗೆ ಕಾಪು ಹಾಕಿಕೊಂಡಿರುತ್ತದೆ. ಜೊತೆಗಿದ್ದ ಕೆಲಸಗಾರರ ಹೆಸರು ಬರೆದುಕೊಳ್ಳಿ. ಕೂಲಿಗೆ ಪುರಾವೆ ಹುಡುಕಿ: ಮೇಸ್ತ್ರಿಯ ಚೀಟಿ, ಬ್ಯಾಂಕ್ ಪಾಸ್‌ಬುಕ್, ಫೋನಿಗೆ ಬಂದ ದುಡ್ಡಿನ ಮೆಸೇಜು. ಡಾಕ್ಟರಿಗೆ ಅವನ ಕಸುಬು ಏನು ಅಂತ ಬಿಡಿಸಿ ಹೇಳಿ, ಯಾವ ಕೆಲಸ ಮಾಡಲಾರ ಅಂತ ಬರೆದುಕೊಡಿ ಅಂತ ಕೇಳಿ. ಬರೀ ಶೇಕಡಾ ಅಂಕಿ ಹಿಡಿದು ಬರಬೇಡಿ. ಎರಡು ವರ್ಷದೊಳಗೆ ಅರ್ಜಿ ಹಾಕಿ. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಪರಿಶಿಷ್ಟ ಜಾತಿ ಪಂಗಡದವರಿಗೆ, ಹೆಂಗಸರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕೆಲಸಗಾರರಿಗೆ ವಕೀಲರು ಉಚಿತ. ತಾಲ್ಲೂಕು ಕೋರ್ಟಿನಲ್ಲೇ ಸಮಿತಿ ಇರುತ್ತದೆ. ಹೋಗಿ ಕೇಳಿ, ಕೈಮುಗಿದು ಅಲ್ಲ.

ಎಲ್ಲಕ್ಕಿಂತ ಮುಖ್ಯ: ಬಾಂಡ್ ಪೇಪರ್ ಬಂದರೆ ಗಟ್ಟಿಯಾಗಿ ಎಲ್ಲರಿಗೂ ಕೇಳುವಂತೆ ಓದಿ. ಓದಿದ ಮೇಲೆ ಈ ಲೆಕ್ಕವನ್ನೂ ಓದಿ. ಆಮೇಲೆ ಹೇಳಿ, "ಒತ್ತಬೇಡ."

ನಾನು 2024ರಲ್ಲಿ ಈ ಕಲಮುಗಳನ್ನು ಓದಿದೆ. ಎರಡು ವರ್ಷದ ಗಡುವು ಮೀರಿತ್ತು. ತಡಕ್ಕೆ ತಕ್ಕ ಕಾರಣ ತೋರಿಸಿದರೆ ಅರ್ಜಿ ತೆಗೆದುಕೊಳ್ಳಬಹುದು ಅಂತಲೂ ಕಾಯಿದೆಯಲ್ಲಿತ್ತು. ಹಾಕಿದ್ದೇವೆ. ತಡವಾದದ್ದಕ್ಕೆ ಕಾರಣ ಅನ್ನುವ ಜಾಗದಲ್ಲಿ ಬಾಂಡ್ ಪೇಪರನ್ನು ಓದಿ ಒತ್ತು ಎಂದು ಹೇಳಿದವನು ನಾನೇ ಎಂದು ಪ್ರಮಾಣಪತ್ರ ಕೊಟ್ಟಿದ್ದೇನೆ. ಎದುರು ವಕೀಲರು ನನ್ನನ್ನು ಕೇಳಿದರು, "ಪದವೀಧರರಾಗಿ ನಿಮಗೆ ಇಷ್ಟೂ ತಿಳಿದಿರಲಿಲ್ಲವೇ?" ತಿಳಿದಿರಲಿಲ್ಲ ಅಂದೆ. ಕೋರ್ಟ್ ಹಾಲಿನಲ್ಲಿ ಕೆಲವರು ನಕ್ಕರು.

ಚಿಕ್ಕಪ್ಪ ನಗಲಿಲ್ಲ. ಹೊರಗೆ ಬಂದ ಮೇಲೆ ಹೇಳಿದ: "ನಿಂಗೆ ಗೊತ್ತಿರ್ಲಿಲ್ಲ ಕಣಪ್ಪ. ಈಗ ಗೊತ್ತಾಯ್ತಲ್ಲ. ಉಳಿದೋರ್ಗೆ ಹೇಳು."

ಹೇಳಿದ್ದೇನೆ. ಇನ್ನು ನೀವು ಹೇಳಿ.